ಕಬ್ಬಿನ ಬಿಲ್ಲಿನಲ್ಲಿ ಟನ್ ದುಪ್ಪಟ್ಟು ಬರುತ್ತಿದೆ, ಎರರ್ ಮಾತ್ರ ಇಲ್ಲ

ಕೃಷ್ಣಾತೀರ, ಜಮಖಂಡಿ

ಎಲ್ಲರಿಗೂ ನಮಸ್ಕಾರ. ನಮ್ಮ ಭಾಗದ ಒಂದು ಸಕ್ಕರೆ ಕಾರ್ಖಾನೆಯ ರೈತರ ಬಿಲ್ ತಯಾರಿಸುವ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇನೆ. ಡೇಟಾಬೇಸ್ ಮೈಎಸ್‌ಕ್ಯೂಎಲ್ 8. ಮೂರು ಟೇಬಲ್ ಇವೆ: ರೈತರು, ತೂಕದ ಚೀಟಿ, ಮುಂಗಡ. ಒಬ್ಬ ರೈತರಿಗೆ ಚೀಟಿ ಹಲವು, ಮುಂಗಡವೂ ಹಲವು.

ಮೂರನ್ನೂ ಜಾಯಿನ್ ಮಾಡಿ (ಸಾಲುಗಳನ್ನು ಜೋಡಿಸಿ), ರೈತರ ಕೋಡ್ ಮೇಲೆ ಗ್ರೂಪ್ ಬೈ ಹಾಕಿ (ಒಬ್ಬೊಬ್ಬ ರೈತರಿಗೆ ಒಂದು ಗುಂಪು ಮಾಡಿ), ಒಟ್ಟು ಟನ್ ಮತ್ತು ಒಟ್ಟು ಮುಂಗಡ ತೆಗೆಯುವ ಕ್ವೆರಿ, ಅಂದರೆ ಡೇಟಾಬೇಸ್‌ಗೆ ಕೇಳುವ ಪ್ರಶ್ನೆ, ಇದೆ. ಮೊದಲು ಬರೆದವರು ಕೆಲಸ ಬಿಟ್ಟು ಹೋಗಿದ್ದಾರೆ. ಈಗ ಹಂಗಾಮು ಶುರುವಾಗಿದೆ. ಕೆಲವರ ಟನ್ ದುಪ್ಪಟ್ಟು ಬರುತ್ತಿದೆ. ಕೆಲವರ ಹೆಸರೇ ಪಟ್ಟಿಯಲ್ಲಿ ಇಲ್ಲ. ಇನ್ನೂ ಕೆಲವರ ನಿವ್ವಳ ಮೊತ್ತ ಖಾಲಿ. ಎರರ್ ಏನೂ ಇಲ್ಲ, ಕ್ವೆರಿ ಆರಾಮಾಗಿ ಓಡುತ್ತದೆ. ಕೂಡಿಸುವ ಸಮ್ ಒಳಗೆ ಡಿಸ್ಟಿಂಕ್ಟ್ (ಒಂದೇ ಬೆಲೆ ಮತ್ತೆ ಬಂದರೆ ಒಂದೇ ಸಲ ಎಣಿಸು ಎಂಬುದು) ಹಾಕಿದರೆ ಕೆಲವು ಬಿಲ್ ಸರಿ ಕಾಣುತ್ತವೆ. ಆದರೂ ಅದನ್ನು ನಂಬುವ ಧೈರ್ಯ ಬರುತ್ತಿಲ್ಲ. ಬಿಲ್ ಪಟ್ಟಿಯ ಒಂದು ಚಿತ್ರವನ್ನೂ ಹಾಕಿದ್ದೇನೆ. ರೈತರ ದುಡ್ಡಿನ ವಿಷಯ, ದಯವಿಟ್ಟು ಹೇಳಿ.

ಗೋಳಗುಮ್ಮಟ, ವಿಜಯಪುರ

ಮೊದಲು ಒಂದು ಮಾತು. ನೀವು ಹಾಕಿದ ಚಿತ್ರದಲ್ಲಿ ರೈತರ ಬ್ಯಾಂಕ್ ಖಾತೆ ನಂಬರ್ ಕಾಣುತ್ತಿವೆ. ಈಗಲೇ ತೆಗೆಯಿರಿ ಸರ್. ಹೆಸರು, ಖಾತೆ, ಆಧಾರ್ ಯಾವುದೂ ಇಲ್ಲಿ ಬೇಡ. ಟೇಬಲ್‌ನ ರಚನೆ ಮತ್ತು ಸುಳ್ಳು ಹೆಸರಿನ ನಾಲ್ಕೈದು ಸಾಲು ಕೊಟ್ಟರೆ ಸಾಕು.

ನಿಮಗೆ ಇರುವುದು ಒಂದಲ್ಲ, ಮೂರು ತೊಂದರೆ. ಒಂದೊಂದಾಗಿ ನೋಡೋಣ.

ಒಬ್ಬ ರೈತರಿಗೆ ಮೂರು ಚೀಟಿ ಇವೆ ಅಂದುಕೊಳ್ಳಿ: 10 ಟನ್, 12 ಟನ್, 8 ಟನ್. ಮುಂಗಡ ಎರಡು ಸಲ ತೆಗೆದುಕೊಂಡಿದ್ದಾರೆ: 5,000 ಮತ್ತು 3,000 ರೂಪಾಯಿ. ಚೀಟಿಗೂ ಮುಂಗಡಕ್ಕೂ ನೇರ ಸಂಬಂಧ ಇಲ್ಲ. ಎರಡಕ್ಕೂ ಇರುವ ಕೊಂಡಿ ರೈತರ ಕೋಡ್ ಮಾತ್ರ. ಹಾಗಾಗಿ ಜಾಯಿನ್ ಮಾಡಿದಾಗ ಪ್ರತಿ ಚೀಟಿಯೂ ಪ್ರತಿ ಮುಂಗಡದ ಜೊತೆ ಸೇರುತ್ತದೆ. ಮೂರು ಗುಣಿಸು ಎರಡು, ಆರು ಸಾಲು. 30 ಟನ್ ಇದ್ದದ್ದು 60 ಆಯಿತು. 8,000 ಇದ್ದ ಮುಂಗಡ 24,000 ಆಯಿತು. ಡೇಟಾಬೇಸ್ ತಪ್ಪು ಮಾಡಿಲ್ಲ, ನಾವು ಕೇಳಿದ್ದನ್ನೇ ಕೊಟ್ಟಿದೆ.

ಡಿಸ್ಟಿಂಕ್ಟ್ ಬೇಡವೇ ಬೇಡ. ಇದೇ ರೈತರ ಎರಡು ಟ್ರ್ಯಾಕ್ಟರ್ ತೂಕ ಒಂದೇ ಬಂತು, ಎರಡೂ 12 ಟನ್ ಅಂದುಕೊಳ್ಳಿ. ಡಿಸ್ಟಿಂಕ್ಟ್ ಒಂದನ್ನು ಬಿಟ್ಟು ಕೂಡಿಸುತ್ತದೆ. ಒಂದು ಟ್ರ್ಯಾಕ್ಟರ್ ಕಬ್ಬಿನ ದುಡ್ಡು ಹೋಯಿತು. ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಸರಿಯಾದ ದಾರಿ ಇದು. ಚೀಟಿಯ ಟೇಬಲ್ ಒಂದನ್ನೇ ತೆಗೆದುಕೊಂಡು ರೈತರ ಕೋಡ್‌ಗೆ ಒಂದು ಸಾಲು ಬರುವ ಹಾಗೆ ಮೊದಲು ಕೂಡಿಸಿ. ಮುಂಗಡವನ್ನೂ ಬೇರೆಯಾಗಿ ಹಾಗೇ ಕೂಡಿಸಿ. ಈ ಎರಡು ಸಬ್‌ಕ್ವೆರಿಗಳನ್ನು (ಒಳಗಿನ ಕ್ವೆರಿಗಳನ್ನು) ಆಮೇಲೆ ರೈತರ ಟೇಬಲ್‌ಗೆ ಜೋಡಿಸಿ. ಆಗ ಎಲ್ಲಾ ಕಡೆ ಒಂದಕ್ಕೆ ಒಂದೇ ಸಾಲು. ಮೈಎಸ್‌ಕ್ಯೂಎಲ್ 8 ಇರುವುದರಿಂದ ವಿತ್ ಎಂದು ಶುರುಮಾಡಿ ಎರಡಕ್ಕೂ ಹೆಸರು ಕೊಟ್ಟು ಬರೆಯಬಹುದು. ಓದುವವರಿಗೂ ಸುಲಭ.

ಎರಡನೆಯದು, ಹೆಸರು ಕಾಣೆಯಾಗುವುದು. ಮುಂಗಡ ತೆಗೆದುಕೊಳ್ಳದ ರೈತರು ಇರುತ್ತಾರೆ ಅಲ್ವಾ? ಸಾದಾ ಜಾಯಿನ್ ಅವರನ್ನು ಬಿಟ್ಟುಬಿಡುತ್ತದೆ. ಲೆಫ್ಟ್ ಜಾಯಿನ್ ಹಾಕಿ, ಅದು ಜೋಡಿ ಸಿಗದ ರೈತರನ್ನೂ ಉಳಿಸಿಕೊಳ್ಳುತ್ತದೆ.

ಮೂರನೆಯದು, ಖಾಲಿ ಮೊತ್ತ. ನಿಮ್ಮ ಕ್ವೆರಿಯಲ್ಲಿ ಅಲ್ಲಲ್ಲಿ ಲೆಫ್ಟ್ ಜಾಯಿನ್ ಇರಬೇಕು. ಮುಂಗಡ ಇಲ್ಲದವರಿಗೆ ಅಲ್ಲಿ ನಲ್ ಬರುತ್ತದೆ. ನಲ್ ಅಂದರೆ ಬೆಲೆಯೇ ಇಲ್ಲ ಎಂದು, ಸೊನ್ನೆ ಅಲ್ಲ. ಯಾವ ಸಂಖ್ಯೆಯಿಂದ ನಲ್ ಕಳೆದರೂ ಉತ್ತರ ನಲ್. ಅದಕ್ಕೆ ಮುಂಗಡದ ಮೊತ್ತವನ್ನು ಕೋಲೆಸ್ ಒಳಗೆ ಹಾಕಿ, ನಲ್ ಇದ್ದರೆ ಸೊನ್ನೆ ತೆಗೆದುಕೋ ಎಂದು ಹೇಳಬೇಕು.

ಕೃಷ್ಣಾತೀರ, ಜಮಖಂಡಿ

ಚಿತ್ರ ತೆಗೆದೆ ಸರ್. ಹೇಳಿದ ಹಾಗೆ ಮಾಡಿದ ಮೇಲೆ ದುಪ್ಪಟ್ಟು ನಿಂತಿದೆ. ಆದರೆ ಮುಂಗಡ ಇಲ್ಲದವರು ಇನ್ನೂ ಪಟ್ಟಿಗೆ ಬರುತ್ತಿಲ್ಲ. ಲೆಫ್ಟ್ ಜಾಯಿನ್ ಹಾಕಿದ್ದೇನೆ. ಕೊನೆಗೆ ಸಾಲುಗಳನ್ನು ಸೋಸುವ ವೇರ್‌ನಲ್ಲಿ ಮುಂಗಡದ ಹಂಗಾಮು ಈ ವರ್ಷದ್ದು ಎಂಬ ಷರತ್ತು ಇದೆ, ಅಷ್ಟೇ.

ಗೋಳಗುಮ್ಮಟ, ವಿಜಯಪುರ

ಆ ಷರತ್ತೇ ಕಾರಣ. ಮುಂಗಡ ಇಲ್ಲದವರ ಸಾಲಿನಲ್ಲಿ ಹಂಗಾಮು ಕೂಡ ನಲ್. ನಲ್ ಯಾವುದಕ್ಕೂ ಸಮ ಅಲ್ಲ. ಹಾಗಾಗಿ ವೇರ್ ಅವರನ್ನು ಹೊರಗೆ ಹಾಕುತ್ತದೆ. ಲೆಫ್ಟ್ ಜಾಯಿನ್ ಹಾಕಿದ್ದೂ ವ್ಯರ್ಥವಾಗುತ್ತದೆ. ಷರತ್ತನ್ನು ಮುಂಗಡ ಕೂಡಿಸುವ ಸಬ್‌ಕ್ವೆರಿಯ ಒಳಗೆ ತನ್ನಿ.

ಇನ್ನೊಂದು ಕೆಲಸ ಪ್ರತಿ ಸಲ ಮಾಡಿ. ಬಿಲ್ ಕ್ವೆರಿಯ ಒಟ್ಟು ಟನ್ ಒಂದು ಕಡೆ. ಯಾವ ಜಾಯಿನ್ ಇಲ್ಲದೆ, ಬರೀ ಚೀಟಿ ಟೇಬಲ್‌ನಿಂದ ಬಂದ ಈ ಹಂಗಾಮಿನ ಒಟ್ಟು ಟನ್ ಇನ್ನೊಂದು ಕಡೆ. ಎರಡೂ ಕಿಲೋ ಮಟ್ಟಕ್ಕೆ ಹೊಂದಬೇಕು. ರೈತರ ಎಣಿಕೆಯೂ ಹೊಂದಬೇಕು. ಹೊಂದದಿದ್ದರೆ ಬಿಲ್ ಪ್ರಿಂಟ್ ಕೊಡಬೇಡಿ. ಎರರ್ ಕೊಟ್ಟು ನಿಲ್ಲುವ ಕ್ವೆರಿಗೆ ನಾನು ಹೆದರುವುದಿಲ್ಲ. ಸುಮ್ನೆ ಓಡಿ ತಪ್ಪು ಸಂಖ್ಯೆ ಕೊಡುವ ಕ್ವೆರಿಗೆ ಹೆದರುತ್ತೇನೆ.

ಕುಂದಾ, ಬೆಳಗಾವಿ

ಕೃಷ್ಣಾತೀರ ಅವರೇ, ತೂಕದ ಕಾಲಂ ಯಾವ ಟೈಪ್ ಇದೆ ನೋಡಿ. ಫ್ಲೋಟ್ ಅಥವಾ ಡಬಲ್ (ಅಂದಾಜು ದಶಾಂಶ) ಇದ್ದರೆ ಈ ತಾಳೆ ಹೊಂದದೇ ಇರಬಹುದು. ಫ್ಲೋಟ್‌ನಲ್ಲಿ 0.1 ಕೂಡ ಪೂರ್ತಿ ನಿಖರವಾಗಿ ಕೂರುವುದಿಲ್ಲ. ಸಾವಿರಾರು ಚೀಟಿ ಕೂಡಿಸಿದಾಗ ಸಣ್ಣ ವ್ಯತ್ಯಾಸ ಕಾಣಬಹುದು. ಟನ್‌ಗೆ ಮೂರು ದಶಾಂಶ ಸ್ಥಾನದ ಡೆಸಿಮಲ್, ರೂಪಾಯಿಗೆ ಎರಡು ಸ್ಥಾನದ ಡೆಸಿಮಲ್ ಇಡಿ. ಮೂರು ಸ್ಥಾನ ಇದ್ದರೆ ಒಂದೊಂದು ಕಿಲೋ ಕೂಡ ಲೆಕ್ಕಕ್ಕೆ ಸಿಗುತ್ತದೆ.

ಘಟಪ್ರಭಾ, ಗೋಕಾಕ

ಇದೇ ಚರ್ಚೆಯಲ್ಲಿ ಕೇಳಬಹುದಾ? ನಾನು ಕೊನೆಯ ವರ್ಷದ ವಿದ್ಯಾರ್ಥಿ. ಪ್ರಾಜೆಕ್ಟ್‌ಗೆ ಹಳ್ಳಿಗಳ ಹೆಸರು, ಜಮೀನಿನ ವಿವರ ಕನ್ನಡದಲ್ಲೇ ಇಡುತ್ತಿದ್ದೇನೆ. ಪಿಎಚ್‌ಪಿ ಮತ್ತು ಮೈಎಸ್‌ಕ್ಯೂಎಲ್. ಫಾರ್ಮ್‌ನಲ್ಲಿ ಕನ್ನಡ ಸರಿಯಾಗಿ ಕಾಣುತ್ತದೆ. ಸೇವ್ ಮಾಡಿದ ಮೇಲೆ ಬರೀ ಪ್ರಶ್ನಾರ್ಥಕ ಚಿಹ್ನೆ ಬರುತ್ತವೆ. ಕೆಲವು ಹಳೆಯ ಸಾಲುಗಳಲ್ಲಿ ಪ್ರಶ್ನಾರ್ಥಕ ಅಲ್ಲ, ಏನೇನೋ ಇಂಗ್ಲಿಷ್ ಅಕ್ಷರ ಮತ್ತು ಚುಕ್ಕೆಗಳು. ಟೇಬಲ್ ಯುಟಿಎಫ್‌8 (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ರೀತಿ) ಮಾಡಿದ್ದೇನೆ. ಗೆಳೆಯರು ಇಂಗ್ಲಿಷ್‌ನಲ್ಲೇ ಇಡು ಅನ್ನುತ್ತಿದ್ದಾರೆ.

ಕುಂದಾ, ಬೆಳಗಾವಿ

ತಮ್ಮಾ, ಕನ್ನಡದಲ್ಲೇ ಇಡು. ಇದು ಪೂರ್ತಿ ಬಗೆಹರಿಯುವ ತೊಂದರೆ.

ಮೊದಲು ಹಾನಿ ಎಷ್ಟಾಗಿದೆ ನೋಡೋಣ. ಕಾಲಂ ಮೇಲೆ ಒಳಗಿನ ಬೈಟ್‌ಗಳನ್ನು ತೋರಿಸುವ ಹೆಕ್ಸ್ ಫಂಕ್ಷನ್ ಹಾಕಿ ಒಂದು ಸಾಲು ತೆಗೆದು ನೋಡು. ಯುಟಿಎಫ್‌-8ರಲ್ಲಿ ಕನ್ನಡದ ಪ್ರತಿ ಅಕ್ಷರ, ಪ್ರತಿ ಗುಣಿತ ಚಿಹ್ನೆ ಮೂರು ಬೈಟ್. ಅವು ಇ0ಬಿ2 ಅಥವಾ ಇ0ಬಿ3 ಎಂದು ಶುರುವಾಗುತ್ತವೆ. ಹಾಗೆ ಕಂಡರೆ ಡೇಟಾ ಸರಿಯಿದೆ, ತೋರಿಸುವ ಕಡೆ ತಪ್ಪಿದೆ. ಸಾಲುಸಾಲಾಗಿ 3ಎಫ್ ಕಂಡರೆ ಅದು ನಿಜವಾದ ಪ್ರಶ್ನಾರ್ಥಕ ಚಿಹ್ನೆ. ಮೂಲ ಅಕ್ಷರ ಹೋಗಿದೆ, ಮತ್ತೆ ಟೈಪ್ ಮಾಡಬೇಕು. ಸಿ3ಎ0 ಎಂದು ಶುರುವಾದರೆ ಎರಡು ಸಲ ಎನ್‌ಕೋಡ್ ಆಗಿದೆ ಎಂದು ಅರ್ಥ. ಇದನ್ನು ಸಾಮಾನ್ಯವಾಗಿ ಹಿಂದಕ್ಕೆ ತಿರುಗಿಸಬಹುದು. ಟೇಬಲ್‌ನ ನಕಲು ಮಾಡಿ ನಕಲಿನ ಮೇಲೆ ಮಾತ್ರ ಪ್ರಯತ್ನಿಸು.

ಈಗ ಕಾರಣ. ಟೇಬಲ್ ಒಂದೇ ಸರಿ ಇದ್ದರೆ ಸಾಲದು. ಪಿಎಚ್‌ಪಿ ಮತ್ತು ಡೇಟಾಬೇಸ್ ನಡುವಿನ ಕನೆಕ್ಷನ್‌ಗೂ ಒಂದು ಕ್ಯಾರೆಕ್ಟರ್ ಸೆಟ್ ಇರುತ್ತದೆ. ಅದು ಲ್ಯಾಟಿನ್1 ಆಗಿ ಉಳಿದಿದ್ದರೆ ದಾರಿಯಲ್ಲೇ ಕನ್ನಡ ಕೆಡುತ್ತದೆ. ಪಿಎಚ್‌ಪಿಯಿಂದ ಡೇಟಾಬೇಸ್‌ಗೆ ಸೇರಲು ಪಿಡಿಒ ಬಳಸುತ್ತಿದ್ದರೆ ಕನೆಕ್ಷನ್ ಸಾಲಿನಲ್ಲೇ ಚಾರ್‌ಸೆಟ್ ಯುಟಿಎಫ್‌8ಎಂಬಿ4 ಎಂದು ಕೊಡು. ಮೈಎಸ್‌ಕ್ಯೂಎಲ್‌ಐ ಇದ್ದರೆ ಸೆಟ್ ಚಾರ್‌ಸೆಟ್ ಫಂಕ್ಷನ್ ಇದೆ.

ಟೇಬಲ್ ಕೂಡ ಯುಟಿಎಫ್‌8 ಬಿಟ್ಟು ಯುಟಿಎಫ್‌8ಎಂಬಿ4 ಮಾಡು. ಮೈಎಸ್‌ಕ್ಯೂಎಲ್‌ನಲ್ಲಿ ಹಳೆಯ ಯುಟಿಎಫ್‌8 ಅಂದರೆ ಮೂರು ಬೈಟ್‌ವರೆಗೆ ಮಾತ್ರ. ಕನ್ನಡ ಅದರಲ್ಲಿ ಹಿಡಿಯುತ್ತದೆ. ಆದರೆ ಯಾರಾದರೂ ಒಂದು ಎಮೋಜಿ ಹಾಕಿದರೆ ಅದು ನಾಲ್ಕು ಬೈಟ್, ಅಲ್ಲಿಗೆ ನಿಲ್ಲುತ್ತದೆ. 8.0 ಆವೃತ್ತಿಯಿಂದ ಯುಟಿಎಫ್‌8ಎಂಬಿ4 ತಾನಾಗಿಯೇ ಬರುತ್ತದೆ. ಹಳೆಯ ಟೇಬಲ್ ಹಾಗೇ ಉಳಿದಿರುತ್ತವೆ. ಹಳೆಯ ಮತ್ತು ಹೊಸ ಟೇಬಲ್ ಜಾಯಿನ್ ಮಾಡಿದಾಗ 1267 ನಂಬರಿನ ಎರರ್ ಬಂದರೆ ಎರಡರ ಕೊಲೇಶನ್ (ಅಕ್ಷರ ಹೋಲಿಸುವ ನಿಯಮ) ಬೇರೆ ಎಂದು ಅರ್ಥ. ಎರಡನ್ನೂ ಒಂದೇ ಮಾಡಬೇಕು.

ಬೇರೆ ಡೇಟಾಬೇಸ್‌ಗೆ ಹೋದರೆ ಬೇರೆ ಎಚ್ಚರಿಕೆ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಕಾಲಂ ಎನ್‌ವಾರ್‌ಚಾರ್ ಇದ್ದರೂ, ಕ್ವೆರಿಯಲ್ಲಿ ಕನ್ನಡ ಪದದ ಕೊಟೇಶನ್ ಹಿಂದೆ ಎನ್ ಅಕ್ಷರ ಇಲ್ಲದಿದ್ದರೆ ಪ್ರಶ್ನಾರ್ಥಕವೇ ಸೇವ್ ಆಗುತ್ತದೆ. ಒರಾಕಲ್‌ನಲ್ಲಿ ವಾರ್‌ಚಾರ್2 ಕಾಲಂಗೆ 20 ಎಂದು ಕೊಟ್ಟರೆ ಸಾಮಾನ್ಯವಾಗಿ ಅದು 20 ಬೈಟ್. ಕನ್ನಡಕ್ಕೆ ಆರು ಚಿಹ್ನೆಗೇ ಮುಗಿಯುತ್ತದೆ. ಅಲ್ಲಿ 20 ಚಾರ್ ಎಂದು ಬಿಡಿಸಿ ಬರೆಯಬೇಕು. ಮೈಎಸ್‌ಕ್ಯೂಎಲ್ ಅಕ್ಷರ ಲೆಕ್ಕ ಹಾಕುತ್ತದೆ, ಆದರೆ ಅದರ ಲೆಕ್ಕದಲ್ಲಿ ಕ್ಷ ಒಂದಲ್ಲ, ಮೂರು. ಕ, ವಿರಾಮ, ಷ. ಹೆಸರಿನ ಕಾಲಂಗೆ ಧಾರಾಳವಾಗಿ ಜಾಗ ಕೊಡು.

ಘಟಪ್ರಭಾ, ಗೋಕಾಕ

ಅಕ್ಕಾ, ಕನೆಕ್ಷನ್‌ನಲ್ಲಿ ಚಾರ್‌ಸೆಟ್ ಕೊಟ್ಟೆ, ಈಗ ಕನ್ನಡ ಸರಿಯಾಗಿ ಸೇವ್ ಆಗುತ್ತಿದೆ! ತುಂಬಾ ಥ್ಯಾಂಕ್ಸ್. ಹಳೆಯ ಸಾಲುಗಳಲ್ಲಿ ಹೆಕ್ಸ್ ನೋಡಿದೆ. ಇ0 ಇಲ್ಲ, ಸಿ3 ಇದೆ. ಆದರೆ ನೀವು ಹೇಳಿದ ಸಿ3ಎ0 ಎಂದು ಶುರುವಾಗುತ್ತಿಲ್ಲ. ಆ ಪಟ್ಟಿ ಒಂದು ಹಳೆಯ ವರ್ಡ್ ಫೈಲ್‌ನಿಂದ ಬಂದದ್ದು.

ಇಳಕಲ್ ದಡಿ, ಇಳಕಲ್

ಅದು ನುಡಿ ಅಥವಾ ಬರಹದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ ಪಟ್ಟಿ ಇರಬೇಕು. ನಮ್ಮ ಕಡೆ ಕಚೇರಿಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ಇಂಥ ಫೈಲ್ ರಾಶಿ ಇವೆ. ಅವು ಯೂನಿಕೋಡ್ ಅಲ್ಲ. ಒಳಗೆ ಇರುವುದು ಇಂಗ್ಲಿಷ್ ಮತ್ತು ಲ್ಯಾಟಿನ್ ಅಕ್ಷರಗಳೇ, ಫಾಂಟ್ ಮಾತ್ರ ಕನ್ನಡದ ಆಕಾರ ತೋರಿಸುತ್ತದೆ. ಡೇಟಾಬೇಸ್‌ನಲ್ಲಿ ಏನು ಬದಲಿಸಿದರೂ ಸರಿಹೋಗುವುದಿಲ್ಲ. ಮೂಲ ಫೈಲನ್ನೇ ಕನ್ವರ್ಟರ್‌ನಲ್ಲಿ ಹಾಕಿ ಯೂನಿಕೋಡ್ ಮಾಡಿಕೊಂಡು, ಆಮೇಲೆ ಇಂಪೋರ್ಟ್ ಮಾಡಬೇಕು. ಅರ್ಕಾವತ್ತು ಮತ್ತು ಒತ್ತಕ್ಷರ ಇರುವ ಹೆಸರುಗಳನ್ನು ಕಣ್ಣಿಟ್ಟು ನೋಡಿ. ಕನ್ವರ್ಟರ್ ಎಡವುವುದು ಅಲ್ಲೇ ಜಾಸ್ತಿ.

ಜಮೀನಿನ ವಿವರ ಇದೆ ಅಂದಿರಿ. ಸರ್ವೆ ನಂಬರ್ ಎಕ್ಸೆಲ್‌ನಿಂದ ತರುತ್ತಿದ್ದೀರಾ? 12/3 ಎಂದು ಟೈಪ್ ಮಾಡಿದರೆ ಎಕ್ಸೆಲ್ ಅದನ್ನು ತಾರೀಖು ಮಾಡಿಬಿಡುತ್ತದೆ. ಸರ್ವೆ 12, ಹಿಸ್ಸಾ 3 ಇದ್ದದ್ದು ಮಾರ್ಚ್ 12 ಅಥವಾ ಡಿಸೆಂಬರ್ 3 ಆಗುತ್ತದೆ. 45/2 ತಾರೀಖು ಆಗಲು ಸಾಧ್ಯ ಇಲ್ಲ, ಅದು ಹಾಗೇ ಉಳಿಯುತ್ತದೆ. ಅದಕ್ಕೇ ಕೆಲವು ಸಾಲು ಮಾತ್ರ ಕೆಡುತ್ತವೆ, ತಕ್ಷಣ ಗೊತ್ತಾಗುವುದಿಲ್ಲ. ಟೈಪ್ ಮಾಡುವ ಮೊದಲೇ ಆ ಕಾಲಂ ಟೆಕ್ಸ್ಟ್ ಮಾಡಿ. ಬ್ಯಾಂಕ್ ಖಾತೆ ನಂಬರ್‌ಗೂ ಇದೇ ನಿಯಮ. ಮುಂದಿನ ಸೊನ್ನೆ ಹೋಗುತ್ತದೆ, 15 ಅಂಕಿ ದಾಟಿದ ಮೇಲಿನ ಅಂಕಿಗಳು ಸೊನ್ನೆ ಆಗುತ್ತವೆ. ಡೇಟಾಬೇಸ್‌ನಲ್ಲೂ ಇವೆರಡೂ ವಾರ್‌ಚಾರ್ ಇರಲಿ. ಕೂಡಿಸಿ ಕಳೆಯದ ಸಂಖ್ಯೆಯನ್ನು ಸಂಖ್ಯೆಯಾಗಿ ಇಡಬೇಡಿ.

ಸೇವ್ ಮಾಡುವಾಗ ಸಿಎಸ್‌ವಿ ಯುಟಿಎಫ್‌-8 ಎಂಬುದನ್ನೇ ಆರಿಸಿ. ಸಾದಾ ಸಿಎಸ್‌ವಿ ಆರಿಸಿದರೆ ಮತ್ತೆ ಪ್ರಶ್ನಾರ್ಥಕ.

ಕುಂದಾ, ಬೆಳಗಾವಿ

ಕನ್ನಡ ಹೆಸರಿನ ಇನ್ನೆರಡು ವಿಷಯ ಸೇರಿಸುತ್ತೇನೆ, ಯಾಕೆಂದರೆ ಇವು ಕಣ್ಣಿಗೆ ಕಾಣುವುದಿಲ್ಲ.

ರಾಜ್‌ಕುಮಾರ ಎಂದು ಅರ್ಧಾಕ್ಷರ ಬಿಡಿಸಿ ಬರೆಯಲು ನಡುವೆ ಒಂದು ಅದೃಶ್ಯ ಚಿಹ್ನೆ ಬರುತ್ತದೆ. ಕೆಲವರು ಅದನ್ನು ಎರಡು ಸಲ ಒತ್ತಿರುತ್ತಾರೆ. ಕೆಲವರ ಕೀಬೋರ್ಡ್ ಹೆಸರಿನ ಕೊನೆಗೂ ಸೇರಿಸಿರುತ್ತದೆ. ನೋಡಲು ಎಲ್ಲವೂ ಒಂದೇ. ಕೊಲೇಶನ್ ಬಿನ್ ಅಥವಾ ಜನರಲ್ ಇದ್ದರೆ ಡೇಟಾಬೇಸ್‌ಗೆ ಅವು ಬೇರೆ ಬೇರೆ ಹೆಸರು. ಹುಡುಕಿದರೆ ಸಿಗುವುದಿಲ್ಲ, ಒಬ್ಬರೇ ರೈತರು ಎರಡು ಸಲ ನೋಂದಣಿ ಆಗುತ್ತಾರೆ. ಓಕಾರ, ಈಕಾರದ ದೀರ್ಘ ಚಿಹ್ನೆಯನ್ನು ಕೂಡ ಎರಡು ರೀತಿ ಸೇವ್ ಮಾಡಬಹುದು, ಒಂದೇ ಚಿಹ್ನೆಯಾಗಿ ಅಥವಾ ಬಿಡಿಬಿಡಿಯಾಗಿ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನಲ್ಲಿ 13ನೇ ಆವೃತ್ತಿಯಿಂದ ಇದನ್ನು ಸರಿಮಾಡಲು ನಾರ್ಮಲೈಸ್ ಫಂಕ್ಷನ್ ಇದೆ. ಮೈಎಸ್‌ಕ್ಯೂಎಲ್‌ನಲ್ಲಿ ಇಲ್ಲ, ಸೇವ್ ಮಾಡುವ ಮೊದಲು ನಿಮ್ಮ ಕೋಡ್‌ನಲ್ಲೇ ಮಾಡಬೇಕು.

ಆದರೆ ಅದೃಶ್ಯ ಚಿಹ್ನೆಯನ್ನು ಎಲ್ಲಾ ಕಡೆ ಅಳಿಸಬೇಡಿ. ಜನರ ಹೆಸರಿನ ರೂಪವೇ ಕೆಡುತ್ತದೆ. ತೋರಿಸುವ ಹೆಸರು ಅವರು ಕೊಟ್ಟ ಹಾಗೇ ಇರಲಿ. ಹುಡುಕಲು ಬೇರೆ ಕಾಲಂ ಮಾಡಿ, ಅಲ್ಲಿ ಶುಚಿ ಮಾಡಿದ ರೂಪ ಇಡಿ. ರೈತರನ್ನು ಗುರುತಿಸಲು ಹೆಸರನ್ನು ನಂಬಲೇಬೇಡಿ. ರಾಜ್ಯದ ಫ್ರೂಟ್ಸ್ ನೋಂದಣಿಯ ಎಫ್‌ಐಡಿ (ರೈತರ ಗುರುತಿನ ಸಂಖ್ಯೆ) ಇದ್ದರೆ ಅದು ಎರಡು ಸಲ ಸೇರದಂತೆ ಯೂನಿಕ್ ಕಟ್ಟು ಹಾಕಿ.

ಎರಡನೆಯದು ಅಕಾರಾದಿ. ಯೂನಿಕೋಡ್ ಕ್ರಮದಲ್ಲಿ ಳ ಅಕ್ಷರ ಲ ಆದಮೇಲೆ, ವ ಮೊದಲು ಬರುತ್ತದೆ. ನಮ್ಮ ವರ್ಣಮಾಲೆಯಲ್ಲಿ ಳ ಕೊನೆಗೆ. ಹಾಗಾಗಿ ಬೈಟ್ ಲೆಕ್ಕದಲ್ಲಿ ವಿಂಗಡಿಸಿದರೆ ಬಳ್ಳಾರಿ ಮೊದಲು, ಬಸವನ ಬಾಗೇವಾಡಿ ಆಮೇಲೆ. ನಿಘಂಟಿನ ಕ್ರಮ ಇದಕ್ಕೆ ಉಲ್ಟಾ. ಪೋಸ್ಟ್‌ಗ್ರೆಸ್ 10ರಿಂದ ಭಾಷೆವಾರು ಕ್ರಮ ತಿಳಿದ ಐಸಿಯು ಕೊಲೇಶನ್ ಸಿಗುತ್ತವೆ, ಅದರಲ್ಲಿ ಕನ್ನಡದ್ದೂ ಇದೆ. ಹಳ್ಳಿಗಳ ಪಟ್ಟಿ ಪ್ರಿಂಟ್ ಮಾಡುವ ಮೊದಲು ಳ ಇರುವ ಕೆಲವು ಹೆಸರು ಹಾಕಿ ಪರೀಕ್ಷಿಸಿ.

ದ್ರಾಕ್ಷಿತೋಟ, ತಿಕೋಟಾ

ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜ್ ಲೆಕ್ಕದ ಸಾಫ್ಟ್‌ವೇರ್ ನನ್ನದು. ಮೊಬೈಲ್ ನಂಬರ್ ಹಾಕಿ ರೈತರನ್ನು ಹುಡುಕುವುದು ಬಹಳ ನಿಧಾನ. ಬೇಗ ಹುಡುಕಲು ಇಂಡೆಕ್ಸ್ ಇದೆ. ತಿಂಗಳ ವರದಿಯೂ ನಿಧಾನ, ಮೇಲಾಗಿ ತಿಂಗಳ ಕೊನೆಯ ದಿನದ ಬಾಕ್ಸ್‌ಗಳು ಅದರಲ್ಲಿ ಬರುತ್ತಿಲ್ಲ. ಟೇಬಲ್ ರಚನೆ ಮತ್ತು ಎರಡೂ ಕ್ವೆರಿ ಜೊತೆಗೆ ಹಾಕಿದ್ದೇನೆ.

ಗೋಳಗುಮ್ಮಟ, ವಿಜಯಪುರ

ಕ್ವೆರಿಯ ಮುಂದೆ ಎಕ್ಸ್‌ಪ್ಲೇನ್ ಎಂದು ಬರೆದು ಓಡಿಸಿ. ಟೈಪ್ ಕಾಲಂನಲ್ಲಿ ಆಲ್ ಎಂದು ಬಂದರೆ ಇಡೀ ಟೇಬಲ್ ಓದುತ್ತಿದೆ, ಇಂಡೆಕ್ಸ್ ಮುಟ್ಟುತ್ತಿಲ್ಲ.

ನಿಮ್ಮ ಮೊಬೈಲ್ ಕಾಲಂ ವಾರ್‌ಚಾರ್, ಆದರೆ ಕ್ವೆರಿಯಲ್ಲಿ ನಂಬರನ್ನು ಕೊಟೇಶನ್ ಇಲ್ಲದೆ ಕೊಟ್ಟಿದ್ದೀರಿ. ಮೈಎಸ್‌ಕ್ಯೂಎಲ್ ಆಗ ಪ್ರತಿ ಸಾಲಿನ ಅಕ್ಷರವನ್ನೂ ಸಂಖ್ಯೆಯಾಗಿ ಬದಲಿಸಿ ಹೋಲಿಸುತ್ತದೆ, ಇಂಡೆಕ್ಸ್ ಕೆಲಸಕ್ಕೆ ಬರುವುದಿಲ್ಲ. ಕೊಟೇಶನ್ ಹಾಕಿ. ಇನ್ನೂ ಒಳ್ಳೆಯದು, ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಬಳಸಿ ಸ್ಟ್ರಿಂಗ್ ಆಗಿ ಕಳಿಸಿ. ಫಾರ್ಮ್ ಮೂಲಕ ಕೇಡಿನ ಕ್ವೆರಿ ತೂರಿಸುವ ಇಂಜೆಕ್ಷನ್ ದಾಳಿಯೂ ತಪ್ಪುತ್ತದೆ.

ವರದಿಯಲ್ಲಿ ತಾರೀಖಿನ ಕಾಲಂ ಮೇಲೆ ಮಂತ್ ಫಂಕ್ಷನ್ ಇದೆ, ಅದೂ ಇಂಡೆಕ್ಸನ್ನು ಮರೆಮಾಡುತ್ತದೆ. ಜೊತೆಗೆ ಬಿಟ್ವೀನ್ ಇದೆ. ಅದರಲ್ಲಿ ಮಾರ್ಚ್ 31 ಎಂದು ಬರೀ ತಾರೀಖು ಕೊಟ್ಟರೆ ಅದು ಮಾರ್ಚ್ 31ರ ನಡುರಾತ್ರಿ ಸೊನ್ನೆ ಗಂಟೆ. ಆ ದಿನ ಹಗಲಿಗೆ ಬಂದ ಬಾಕ್ಸ್ ಎಲ್ಲಾ ಹೊರಗೆ. ಎರಡಕ್ಕೂ ಮದ್ದು ಒಂದೇ. ಮಾರ್ಚ್ 1 ಅಥವಾ ಅದಕ್ಕಿಂತ ದೊಡ್ಡದು, ಏಪ್ರಿಲ್ 1ಕ್ಕಿಂತ ಚಿಕ್ಕದು ಎಂದು ಬರೆಯಿರಿ.

ಕೃಷ್ಣಾತೀರ, ಜಮಖಂಡಿ

ತಾರೀಖಿನ ಮಾತು ಬಂತು, ನನ್ನದೂ ಒಂದು. ರಾತ್ರಿ ಪಾಳಿಯ ಚೀಟಿಗಳು ಹಿಂದಿನ ದಿನದ ವರದಿಗೆ ಹೋಗುತ್ತಿವೆ. ಸರ್ವರ್ ಇತ್ತೀಚೆಗೆ ಕ್ಲೌಡ್‌ಗೆ ಹೋಗಿದೆ. ಇನ್ನು ಕೆಲವು ಸಲ ಕಾಟಾ (ತೂಕದ ಯಂತ್ರ) ಕಡೆಯಿಂದ ಚೀಟಿ ಸೇವ್ ಆಗದೆ 1205 ಎರರ್ ಬರುತ್ತದೆ. ಹೊರಗೆ ಟ್ರ್ಯಾಕ್ಟರ್ ಸಾಲು ನಿಂತಿರುತ್ತದೆ.

ಗೋಳಗುಮ್ಮಟ, ವಿಜಯಪುರ

ಕ್ಲೌಡ್ ಸರ್ವರ್ ಯುಟಿಸಿ (ಜಾಗತಿಕ ಪ್ರಮಾಣ) ಸಮಯದಲ್ಲಿದೆ. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ನಮ್ಮಲ್ಲಿ 12ನೇ ತಾರೀಖು ಬೆಳಗಿನ ಜಾವ 3 ಗಂಟೆ ಅಂದರೆ ಅಲ್ಲಿ 11ರ ರಾತ್ರಿ 9.30. ಅದಕ್ಕೇ ರಾತ್ರಿ ಪಾಳಿ ಮಾತ್ರ ಸರಿಯುತ್ತಿದೆ. ಕನೆಕ್ಷನ್ ತೆರೆದ ತಕ್ಷಣ ಟೈಮ್ ಝೋನ್ +05:30 ಎಂದು ಹೊಂದಿಸಿ. ಆದರೆ ಕಾಲಂ ಟೈಮ್‌ಸ್ಟ್ಯಾಂಪ್ ಇದ್ದರೆ ಹಳೆಯ ಸಾಲುಗಳೂ ಸರಿ ಕಾಣುತ್ತವೆ. ಡೇಟ್‌ಟೈಮ್ ಇದ್ದರೆ ಕ್ಲೌಡ್‌ಗೆ ಹೋದ ಮೇಲೆ ಸೇರಿದ ಸಾಲುಗಳನ್ನು ಮಾತ್ರ ಕೈಯಾರೆ ಮುಂದಕ್ಕೆ ತರಬೇಕು, ಅದಕ್ಕೂ ಮೊದಲಿನವು ಸರಿಯೇ ಇವೆ. ಯಾವುದೆಂದು ಮೊದಲು ನೋಡಿಕೊಳ್ಳಿ.

1205 ಅಂದರೆ ಬೇರೆ ಯಾರೋ ಅದೇ ಸಾಲಿಗೆ ಲಾಕ್ ಹಾಕಿ ಬಿಟ್ಟಿಲ್ಲ. ಮೈಎಸ್‌ಕ್ಯೂಎಲ್ ಮೊದಲೇ ನಿಗದಿ ಮಾಡಿರುವಂತೆ 50 ಸೆಕೆಂಡ್ ಕಾಯ್ದು ಕೈಬಿಡುತ್ತದೆ. ಸಿಸ್ ಡೇಟಾಬೇಸ್‌ನಲ್ಲಿ ಇನ್ನೋಡಿಬಿ ಲಾಕ್ ವೇಟ್ಸ್ ಎಂಬ ವ್ಯೂ ಇದೆ. ಯಾರು ಯಾರನ್ನು ತಡೆದಿದ್ದಾರೆ ಎಂದು ಅಲ್ಲೇ ಸಿಗುತ್ತದೆ. ಬಹಳ ಸಲ ಕಾರಣ ಇದು: ಕಚೇರಿಯಲ್ಲಿ ಯಾರೋ ಟ್ರಾನ್ಸಾಕ್ಷನ್ (ಒಟ್ಟಿಗೆ ಸೇರುವ ಬದಲಾವಣೆಗಳ ಕಟ್ಟು) ಶುರುಮಾಡಿ, ಅಪ್‌ಡೇಟ್ ಕೊಟ್ಟು, ಕಮಿಟ್ ಮಾಡದೆ (ಖಾಯಂ ಮಾಡದೆ) ಚಹಾಕ್ಕೆ ಹೋಗಿರುತ್ತಾರೆ. ಇಲ್ಲವೇ ದೊಡ್ಡ ಬಿಲ್ ಕೆಲಸ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಓಡುತ್ತಿರುತ್ತದೆ.

ಒಂದು ಅಪಾಯ ಗಮನಿಸಿ. 1205 ಬಂದಾಗ ಇನ್ನೋಡಿಬಿ (ಮೈಎಸ್‌ಕ್ಯೂಎಲ್‌ನ ಶೇಖರಣಾ ಎಂಜಿನ್) ಆ ಒಂದು ಸ್ಟೇಟ್‌ಮೆಂಟ್ ಮಾತ್ರ ಹಿಂದಕ್ಕೆ ತೆಗೆಯುತ್ತದೆ, ಇಡೀ ಟ್ರಾನ್ಸಾಕ್ಷನ್ ಅಲ್ಲ. ನಿಮ್ಮ ಕೋಡ್ ಅದನ್ನು ಗಮನಿಸದೆ ಮುಂದೆ ಕಮಿಟ್ ಮಾಡಿದರೆ ಚೀಟಿ ಅರ್ಧಂಬರ್ಧ ಸೇವ್ ಆಗುತ್ತದೆ. ಎರರ್ ಬಂದರೆ ರೋಲ್‌ಬ್ಯಾಕ್ ಮಾಡಿ, ಮೊದಲಿನಿಂದ ಮತ್ತೆ ಪ್ರಯತ್ನಿಸುವಂತೆ ಬರೆಯಿರಿ. 1213 ಬಂದರೆ ಅದು ಡೆಡ್‌ಲಾಕ್, ಅಂದರೆ ಒಬ್ಬರ ಲಾಕ್‌ಗೆ ಇನ್ನೊಬ್ಬರು ಕಾಯುತ್ತಾ ಇಬ್ಬರೂ ನಿಲ್ಲುವುದು. ಅಲ್ಲಿ ಪೂರ್ತಿ ಟ್ರಾನ್ಸಾಕ್ಷನ್ ಹಿಂದಕ್ಕೆ ಹೋಗುತ್ತದೆ. ಎಲ್ಲಾ ಕಡೆ ಟೇಬಲ್‌ಗಳನ್ನು ಒಂದೇ ಕ್ರಮದಲ್ಲಿ ಮುಟ್ಟಿದರೆ ಅದು ಕಡಿಮೆಯಾಗುತ್ತದೆ.

ಇಳಕಲ್ ದಡಿ, ಇಳಕಲ್

ಹಳೆಯ ಸಾಲು ತಿದ್ದುವ ಮೊದಲು ಬ್ಯಾಕಪ್ ತೆಗೆಯಿರಿ ಸರ್. ಮೈಎಸ್‌ಕ್ಯೂಎಲ್‌ಡಂಪ್‌ಗೆ ಸಿಂಗಲ್ ಟ್ರಾನ್ಸಾಕ್ಷನ್ ಆಯ್ಕೆ ಕೊಟ್ಟರೆ ಇನ್ನೋಡಿಬಿ ಟೇಬಲ್‌ಗಳಲ್ಲಿ ಕಾಟಾ ಕೆಲಸ ನಿಲ್ಲದೇ ಬ್ಯಾಕಪ್ ಆಗುತ್ತದೆ. ಬೇರೆ ಕಂಪ್ಯೂಟರ್‌ನಲ್ಲಿ ರಿಸ್ಟೋರ್ ಮಾಡಿ ನೋಡಿ, ಆಮೇಲೆ ಮುಂದುವರಿಯಿರಿ. ಕಾಲಂ ಟೈಪ್ ಬದಲಿಸಲು ಆಲ್ಟರ್ ಟೇಬಲ್ ಕೊಟ್ಟರೆ ಮೈಎಸ್‌ಕ್ಯೂಎಲ್ ತಾನೇ ಕಮಿಟ್ ಮಾಡುತ್ತದೆ, ರೋಲ್‌ಬ್ಯಾಕ್ ಆಗುವುದಿಲ್ಲ. ತಿದ್ದುವುದು ಮತ್ತು ಆಲ್ಟರ್ ಬೇರೆ ಬೇರೆ ಮಾಡಿ.

ಕೃಷ್ಣಾತೀರ, ಜಮಖಂಡಿ

ರಿಸ್ಟೋರ್ ಮಾಡಿ ನೋಡಿದೆ, ಸರಿಯಾಗಿದೆ. ಕಾಲಂ ಡೇಟ್‌ಟೈಮ್ ಇತ್ತು. ಕ್ಲೌಡ್‌ಗೆ ಹೋದ ಮೇಲಿನ ಸಾಲುಗಳನ್ನು ಮಾತ್ರ ಮುಂದಕ್ಕೆ ತಂದೆ. ತೂಕದ ಕಾಲಂ ಡೆಸಿಮಲ್ ಆಗಿದೆ. ಬಿಲ್ ಪಟ್ಟಿಯ ಒಟ್ಟು ಟನ್ ಮತ್ತು ಚೀಟಿ ಟೇಬಲ್‌ನ ಒಟ್ಟು ಟನ್ ಈಗ ಕಿಲೋ ಮಟ್ಟಕ್ಕೆ ಹೊಂದುತ್ತಿವೆ. ಆದರೆ ಪಟ್ಟಿಯಲ್ಲಿ ರೈತರ ಎಣಿಕೆ ಚೀಟಿ ಇರುವ ರೈತರ ಎಣಿಕೆಗಿಂತ ಜಾಸ್ತಿ ಬರುತ್ತಿದೆ.

ಗೋಳಗುಮ್ಮಟ, ವಿಜಯಪುರ

ಅದು ಸರಿಯಾಗಿಯೇ ಇರಬಹುದು. ಮುಂಗಡ ತೆಗೆದುಕೊಂಡು ಇನ್ನೂ ಕಬ್ಬು ಕಳಿಸದ ರೈತರು, ನೋಂದಣಿ ಮಾತ್ರ ಆದವರು ಎಲ್ಲರೂ ಲೆಫ್ಟ್ ಜಾಯಿನ್‌ನಲ್ಲಿ ಬರುತ್ತಾರೆ. ಅವರ ಟನ್ ಖಾಲಿ ಅಥವಾ ಸೊನ್ನೆ ಇದೆಯಾ ನೋಡಿ. ಇದ್ದರೆ ಚೀಟಿಯ ಸಬ್‌ಕ್ವೆರಿಗೆ ಮಾತ್ರ ಸಾದಾ ಜಾಯಿನ್ ಹಾಕಿ, ಮುಂಗಡದ್ದು ಲೆಫ್ಟ್ ಇರಲಿ. ಎಣಿಕೆ ಹೊಂದಿದ ಮೇಲೆ ಪ್ರಿಂಟ್ ಕೊಡಿ.